ಪಟೇಲಿಕೆ ಹೋಯಿತು, ಪಟೇಲರ ಮನೆ ಯಾರದು?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ನಮ್ಮ ಮುತ್ತಾತ, ತಾತ ಇಬ್ಬರೂ ಊರಿನ ಪಟೇಲರಾಗಿದ್ದವರು. ಅವರ ಕಾಲದ ತೊಟ್ಟಿ ಮನೆಗೆ ಈಗ ಹನ್ನೊಂದು ಜನ ಹಕ್ಕುದಾರರು. ಬಾಗಿಲವಾಡದ ಮೇಲೆ ‘ಪ್ರಮೋದೂತ ಸಂ’ ಎಂದು ಕೆತ್ತಿದೆ, ಮುಂದಿನದು ಬಣ್ಣದಲ್ಲಿ ಮುಚ್ಚಿಹೋಗಿದೆ. ಹೆಂಚಿನ ಮೇಲೆ 1865 ಅಂತಿದೆ. ಹಿತ್ತಲಾಚೆ, ಕೂಗಳತೆಯಲ್ಲಿ, ಕೇಂದ್ರ ಪುರಾತತ್ವ ಇಲಾಖೆಯ ನೀಲಿ ಬೋರ್ಡಿರುವ ಹೊಯ್ಸಳರ ಕಾಲದ ದೇವಸ್ಥಾನ ಇದೆ. ಚಿಕ್ಕಪ್ಪನ ಮಕ್ಕಳು ‘ಕೆಡವಿ ಆರ್‌ಸಿಸಿ ಕಟ್ಟೋಣ, ಕಂಬಗಳಿಗೆ ಬೆಂಗಳೂರಿನ ಗಿರಾಕಿ ಬಂದಿದ್ದಾನೆ’ ಎನ್ನುತ್ತಾರೆ. ನನಗೆ ಉಳಿಸಿಕೊಳ್ಳುವ ಆಸೆ. ಸಂರಕ್ಷಿತ ಸ್ಮಾರಕ ಮಾಡಿಸಿದರೆ ಮನೆ ಸರ್ಕಾರದ್ದಾಗುತ್ತದೆ ಎಂದು ಒಬ್ಬರು ಹೆದರಿಸುತ್ತಾರೆ. ಪಟೇಲಿಕೆಯ ಮನೆಯಾದ್ದರಿಂದ ಅದು ಆಗಲೇ ಸರ್ಕಾರದ್ದು ಎಂದು ಇನ್ನೊಬ್ಬರು. ಯಾವುದು ನಿಜ?

ಉತ್ತರ: ಎರಡೂ ನಿಜವಲ್ಲ. ಆದರೆ ನಿಮ್ಮ ಪತ್ರದಲ್ಲಿ ನೀವು ಹಾಗೇ ಹೇಳಿ ಮುಂದೆ ಹೋದ ಒಂದು ಮಾತಿದೆ, ಹಿತ್ತಲಾಚೆಯ ದೇವಸ್ಥಾನದ್ದು. ನಿಮಗೂ ಚಿಕ್ಕಪ್ಪನ ಮಕ್ಕಳಿಗೂ ನಡೆಯುತ್ತಿರುವ ಜಗ್ಗಾಟವನ್ನು ಬಹುಶಃ ಅದೇ ಮುಗಿಸುತ್ತದೆ. ಅಲ್ಲಿಗೆ ಬರುತ್ತೇನೆ, ಮೊದಲು ಪಟೇಲಿಕೆಯ ಲೆಕ್ಕ ಮುಗಿಸೋಣ.

ಹಳೇ ಮೈಸೂರಿನಲ್ಲಿ ಪಟೇಲ ಎಂದರೆ ಊರಿನ ಮಟ್ಟಿಗೆ ಸರ್ಕಾರ. ಕಂದಾಯ ವಸೂಲಿ ಅವನದು, ಸಣ್ಣಪುಟ್ಟ ಜಗಳದ ಪಂಚಾಯ್ತಿ ಅವನದು, ಕಳ್ಳ ಸಿಕ್ಕರೆ ಠಾಣೆಗೆ ಸುದ್ದಿ ಮುಟ್ಟಿಸುವುದೂ ಅವನೇ. ಲೆಕ್ಕ ಬರೆಯಲು ಶಾನುಭೋಗ, ಕೈಕೆಳಗೆ ತಳವಾರ, ತೋಟಿ, ಕೆರೆ ನೀರು ಬಿಡಲು ನೀರಗಂಟಿ. ಇವೆಲ್ಲ ಅಪ್ಪನಿಂದ ಮಗನಿಗೆ ಬರುತ್ತಿದ್ದ ಹುದ್ದೆಗಳು. 1908ರ ಮೈಸೂರು ಗ್ರಾಮಾಧಿಕಾರಿಗಳ ಕಾಯ್ದೆ ಈ ವಂಶಪಾರಂಪರ್ಯಕ್ಕೆ ಕಟ್ಟುಪಾಡು ಹಾಕಿಕೊಟ್ಟಿತ್ತು. ಉತ್ತರ ಕರ್ನಾಟಕದ ಪಾಟೀಲ, ಕುಲಕರ್ಣಿಗಳಿಗೆ ಮುಂಬೈ ಪ್ರಾಂತದ 1874ರ ವತನ್ ಕಾಯ್ದೆ ಇತ್ತು. ಹೆಸರು ಬೇರೆ, ಕೆಲಸ ಅದೇ.

ಸಂವಿಧಾನ ಬಂದ ಮೇಲೆ ಇದು ನಿಲ್ಲುವಂತಿರಲಿಲ್ಲ. ಸರ್ಕಾರಿ ಹುದ್ದೆಗೆ ಹುಟ್ಟಿನ ಆಧಾರದಲ್ಲಿ ಆಯ್ಕೆ ಮಾಡುವಂತಿಲ್ಲ ಎಂದು 1960ರ ಡಿಸೆಂಬರ್‌ನಲ್ಲಿ ಆಂಧ್ರದ ಗ್ರಾಮ ಮುನ್ಸೀಫ್ ಹುದ್ದೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮರುವರ್ಷವೇ ನಮ್ಮಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂತು, 1963ರ ಫೆಬ್ರವರಿ 1ರಿಂದ ಜಾರಿಯಾಯಿತು. ಅಂದು ಬೆಳಿಗ್ಗೆ ನಿಮ್ಮ ತಾತ ಪಟೇಲರಾಗಿ ಉಳಿಯಲಿಲ್ಲ. ಜನರ ಬಾಯಲ್ಲಿ ಮಾತ್ರ ಸಾಯುವವರೆಗೂ ಪಟೇಲರೇ ಆಗಿದ್ದರು ಅನ್ನಿ, ಅದು ಬೇರೆ ಮಾತು.

ಆ ಕಾಯ್ದೆ ಕಿತ್ತುಕೊಂಡಿದ್ದು ಹುದ್ದೆಯನ್ನು, ಜೊತೆಗೆ ಹುದ್ದೆಗೆ ಅಂಟಿಕೊಂಡಿದ್ದ ಇನಾಮು ಜಮೀನನ್ನು. ಆ ಜಮೀನು ಒಮ್ಮೆ ಸರ್ಕಾರಕ್ಕೆ ಸೇರಿ, ನಿಗದಿಯಾದ ಹಣ ಕಟ್ಟಿಸಿಕೊಂಡು ಹಿಂದಿನ ಹುದ್ದೆದಾರನಿಗೇ ಮರುಮಂಜೂರು ಆಗುತ್ತಿತ್ತು. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಇಂದಿಗೂ ‘ರೀಗ್ರಾಂಟ್ ಕೇಸು’ ಎಂದು ಓಡಾಡುತ್ತಿರುವುದು ಅದೇ. 1978ರ ತಿದ್ದುಪಡಿ ಮರುಮಂಜೂರಾದ ಜಮೀನನ್ನು ಹದಿನೈದು ವರ್ಷ ಪರಭಾರೆ ಮಾಡಬಾರದು ಎಂದಿತು. ಹಾಗಾಗಿ ನಿಮ್ಮ ಗದ್ದೆ, ತೋಟದಲ್ಲಿ ಪಟೇಲಿಕೆ ಇನಾಮಿನ ಸರ್ವೆ ನಂಬರು ಇದ್ದರೆ ಅದರ ಆದೇಶದ ಪ್ರತಿ ಹುಡುಕಿಟ್ಟುಕೊಳ್ಳಿ. ಮನೆ ಊರೊಳಗೆ, ಜನವಸತಿಗೆ ಬಿಟ್ಟ ಗ್ರಾಮಠಾಣಾದಲ್ಲಿ ಇರುವುದರಿಂದ ಈ ಗೋಜಲು ಅದಕ್ಕಿಲ್ಲ. ಪಟೇಲ ತನ್ನ ದುಡ್ಡಿನಲ್ಲಿ ತನ್ನ ನಿವೇಶನದಲ್ಲಿ ಕಟ್ಟಿಸಿದ ಮನೆ ಹುದ್ದೆಯ ಸಂಬಳವಲ್ಲ.

ಒಂದೇ ಒಂದು ಅನುಮಾನ ಉಳಿಯುತ್ತದೆ, ಚಾವಡಿಯದ್ದು. ಎಷ್ಟೋ ಊರುಗಳಲ್ಲಿ ಚಾವಡಿ ಬೇರೆ ಕಟ್ಟಡ, ಸರ್ಕಾರದ್ದು. ಕೆಲವು ಊರುಗಳಲ್ಲಿ ಪಟೇಲರ ಮನೆಯ ಜಗಲಿಯೇ ಚಾವಡಿ. ಇನ್ನು ಕೆಲವು ಕಡೆ ಚಾವಡಿಯ ಗೋಡೆಗೆ ಒರಗಿಸಿ ಮನೆ ಕಟ್ಟಿ, ಕಾಲ ಹೋದಂತೆ ನಡುವೆ ಬಾಗಿಲು ಒಡೆದು, ಎರಡೂ ಒಂದಾಗಿರುತ್ತವೆ. ನಿಮ್ಮದು ಈ ಮೂರನೆಯ ಬಗೆಯಾದರೆ ಜಗಲಿಯ ಪಕ್ಕದ ಆ ಕೋಣೆಯ ಗೋಡೆ ಉಳಿದ ಗೋಡೆಗಿಂತ ದಪ್ಪವೋ ತೆಳುವೋ ನೋಡಿ. ತಳಪಾಯದ ಕಲ್ಲಿನ ಸಾಲು ಮೂಲೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡಿದೆಯೋ, ಬರೀ ತಾಗಿ ನಿಂತಿದೆಯೋ ನೋಡಿ. ತಾಗಿ ನಿಂತಿದ್ದರೆ ಎರಡು ಬೇರೆ ಬೇರೆ ಕಾಲದ ಕಟ್ಟಡಗಳು. ಆಗ ಗ್ರಾಮಠಾಣಾ ನಕ್ಷೆಯಲ್ಲಿ ಆ ಭಾಗ ಯಾರ ಹೆಸರಿನಲ್ಲಿದೆ ಎಂದು ತೆಗೆಸಿ ನೋಡದೆ ಮುಂದಿನ ಹೆಜ್ಜೆ ಇಡಬೇಡಿ.

ಈಗ ದೇವಸ್ಥಾನ.

ಆ ನೀಲಿ ಬೋರ್ಡಿಗೆ 1958ರ ಕೇಂದ್ರ ಕಾಯ್ದೆಯ ಬಲವಿದೆ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಅಳತೆ ಶುರುವಾಗುವುದು ಗರ್ಭಗುಡಿಯಿಂದಲ್ಲ, ಸಂರಕ್ಷಿತ ಎಂದು ಘೋಷಿಸಿದ ಜಾಗದ ಗಡಿಯಿಂದ. ಕೂಗಳತೆ ಎಂದರೆ ನೂರು ಮೀಟರಿನ ಒಳಗೂ ಇರಬಹುದು, ಹೊರಗೂ ಇರಬಹುದು. ಟೇಪು ಹಿಡಿದು ಅಳೆಯಿರಿ.

ಒಳಗೆ ಬಿದ್ದರೆ ಸಂಗತಿ ಹೀಗೆ. 1992ರ ಜೂನ್ 16ಕ್ಕೆ ಮೊದಲೇ ಅಲ್ಲಿದ್ದ ಕಟ್ಟಡದ ಮಾಲೀಕರು ದುರಸ್ತಿಗೆ, ನವೀಕರಣಕ್ಕೆ ಅನುಮತಿ ಕೇಳಬಹುದು. ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ. ಕೆಡವಿ ಮತ್ತೆ ಕಟ್ಟುವುದನ್ನು ಈ ಕಾಯ್ದೆ ‘ಪುನರ್‌ನಿರ್ಮಾಣ’ ಎಂದು ಬೇರೆಯಾಗಿಯೇ ಕರೆಯುತ್ತದೆ. ಅದಕ್ಕೆ ಅರ್ಜಿ ಹಾಕಲು ಅವಕಾಶ ಇರುವುದು ಆಚೆಯ 200 ಮೀಟರಿನ ವಲಯದಲ್ಲಿ ಮಾತ್ರ. ಅಂದರೆ ನಿಮ್ಮ ಚಿಕ್ಕಪ್ಪನ ಮಕ್ಕಳು ಮನೆ ಕೆಡವಿದ ದಿನ ಅವರ ಕೈಗೆ ಸಿಗುವುದು ಆರ್‌ಸಿಸಿ ಮನೆಯಲ್ಲ, ಖಾಲಿ ನಿವೇಶನ. ಅದೂ ಏನೂ ಕಟ್ಟಲಾಗದ ನಿವೇಶನ. ಬೇಲೂರು ಹಳೇಬೀಡಿನ ಸುತ್ತಮುತ್ತ ಇದು ಅನೇಕರಿಗೆ ತಡವಾಗಿ ಗೊತ್ತಾಗುತ್ತದೆ. ಹಳೆಯದು ನಿಂತಿರುವಷ್ಟು ದಿನ ಮಾತ್ರ ನಿಮ್ಮ ಮನೆ ಮನೆ.

ಇದನ್ನು ನಾನು ಸಂಭ್ರಮದಿಂದ ಹೇಳುತ್ತಿಲ್ಲ. ಈ 100 ಮೀಟರಿನ ಕಾನೂನು ಬಡವರ ಬಚ್ಚಲುಮನೆಗೂ ಅಡ್ಡ ಬರುತ್ತದೆ, ದೊಡ್ಡ ದೇವಸ್ಥಾನಕ್ಕೂ ಮೂಲೆಯ ಹಾಳುಗುಡಿಗೂ ಒಂದೇ ಗಜಕಡ್ಡಿ ಹಿಡಿಯುತ್ತದೆ. ಅದು ಸರಿ ಎನ್ನಲಾರೆ. ಆದರೆ ನಿಮ್ಮ ಮನೆಯ ಮಟ್ಟಿಗೆ ಅದು ನಿಮ್ಮ ಪರ ನಿಂತಿದೆ. ಮನೆಯವರನ್ನು ಕೂರಿಸಿಕೊಂಡು ಈ ಒಂದು ವಿಷಯವನ್ನು ತಣ್ಣಗೆ ಹೇಳಿ. ಪರಂಪರೆ, ತಾತನ ನೆನಪು ಎಂದೆಲ್ಲ ಶುರು ಮಾಡಿದರೆ ಯಾರೂ ಕೇಳುವುದಿಲ್ಲ.

ಇನ್ನು ನೀವು ಕೇಳಿದ ‘ಸಂರಕ್ಷಿತ’. ಕೇಂದ್ರದ ಪಟ್ಟಿಗೆ ಸೇರಲು ರಾಷ್ಟ್ರೀಯ ಮಹತ್ವ ಇರಬೇಕು. ಆ ಆಸೆ ಬಿಡಿ. ರಾಜ್ಯದಲ್ಲಿ 1961ರ ಕರ್ನಾಟಕ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ ಕಾಯ್ದೆ ಇದೆ. ನೋಡಿಕೊಳ್ಳುವುದು ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ. ಅದರ ಪಟ್ಟಿಯಲ್ಲಿ ಎಂಟುನೂರಕ್ಕೂ ಹೆಚ್ಚು ಸ್ಮಾರಕಗಳಿವೆ, ಬಹುಪಾಲು ದೇವಸ್ಥಾನ, ಕೋಟೆ, ಸಮಾಧಿ. ಜನ ಒಲೆ ಹಚ್ಚಿ ಬದುಕುತ್ತಿರುವ ಮನೆಗಳು ಆ ಪಟ್ಟಿಯಲ್ಲಿ ಬಲು ಅಪರೂಪ. ಕಟ್ಟಡಕ್ಕೆ ನೂರು ವರ್ಷ ಆಗಿರಬೇಕು. ಸರ್ಕಾರ ಮೊದಲು ತನ್ನ ಉದ್ದೇಶವನ್ನು ಪ್ರಕಟಿಸಿ, ಆಕ್ಷೇಪಣೆಗೆ ಎರಡು ತಿಂಗಳು ಬಿಟ್ಟು, ಅವನ್ನು ನೋಡಿದ ಮೇಲೆ ಅಂತಿಮ ಅಧಿಸೂಚನೆ ಹೊರಡಿಸುತ್ತದೆ. ಹನ್ನೊಂದು ಹಕ್ಕುದಾರರಲ್ಲಿ ಯಾರು ಬೇಕಾದರೂ ಆಗ ಬರೆದು ತಕರಾರು ಹೇಳಬಹುದು.

ಅಧಿಸೂಚನೆ ಬಂದರೂ ಖಾತೆ ಬದಲಾಗುವುದಿಲ್ಲ. ಇಲಾಖೆ ಆ ಸ್ವತ್ತನ್ನು ಕೊಳ್ಳಬಹುದು, ಗುತ್ತಿಗೆಗೆ ಪಡೆಯಬಹುದು, ದಾನವಾಗಿ ಸ್ವೀಕರಿಸಬಹುದು, ಇಲ್ಲವೇ ಮಾಲೀಕತ್ವ ನಿಮ್ಮಲ್ಲೇ ಉಳಿಸಿ ಲಿಖಿತ ಕರಾರಿನ ಮೂಲಕ ಪಾಲನೆಯನ್ನಷ್ಟೇ ವಹಿಸಿಕೊಳ್ಳಬಹುದು. ಕರಾರಿನಲ್ಲಿ ದುರಸ್ತಿ ಯಾರದು, ಕಾವಲು ಯಾರದು, ಸಾರ್ವಜನಿಕರಿಗೆ ಯಾವ ಹೊತ್ತು ಪ್ರವೇಶ, ಮಾರುವಾಗ ಸರ್ಕಾರಕ್ಕೆ ಮೊದಲು ತಿಳಿಸಬೇಕೇ ಎಂಬೆಲ್ಲ ಬರೆಯಲು ಜಾಗವಿದೆ. ಮನೆ ನಿಮ್ಮದೇ, ಆದರೆ ನಿಮ್ಮ ಕೈ ಕಟ್ಟುತ್ತದೆ. ಮೊಳೆ ಹೊಡೆಯುವುದಕ್ಕೆ ಕೇಳಬೇಕೇ ಎಂದರೆ ಇಲ್ಲ, ಗೋಡೆ ಒಡೆದು ಬಚ್ಚಲು ಮಾಡುವುದಕ್ಕೆ ಕೇಳಬೇಕು. ಹೆದರಿಸಿದವರ ಮಾತಿನಲ್ಲಿ ಒಂದು ಕಾಳು ಸತ್ಯವೂ ಇದೆ: ಸಂರಕ್ಷಿತ ಕಟ್ಟಡವನ್ನು ಮಾಲೀಕರು ಬೀಳಗೊಡುತ್ತಿದ್ದಾರೆ ಎಂದು ಕಂಡರೆ ಪರಿಹಾರ ಕೊಟ್ಟು ಸ್ವಾಧೀನ ಮಾಡಿಕೊಳ್ಳುವ ಅಧಿಕಾರ ಸರ್ಕಾರಕ್ಕಿದೆ.

ನನ್ನ ಅಭಿಪ್ರಾಯ ಕೇಳಿದರೆ, ಸದ್ಯಕ್ಕೆ ಇಲಾಖೆಗೆ ಅರ್ಜಿ ಹಾಕಬೇಡಿ. ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ಆ ಕಾಯುವಿಕೆಯಲ್ಲೇ ಮಾಡು ಕುಸಿದ ಮನೆಗಳನ್ನು ನೋಡಿದ್ದೇನೆ. ಖಾಸಗಿ ಮನೆಯ ದುರಸ್ತಿಗೆ ಹಣ ತಾನಾಗಿ ಬರುವ ಯೋಜನೆಯನ್ನು ನಂಬಿ ಕೂರುವಂತಿಲ್ಲ. ಮೊದಲು ಪಂಚಾಯ್ತಿಯಲ್ಲಿ ಇ-ಸ್ವತ್ತು, ಅಂದರೆ ಆಸ್ತಿಯ ಕಂಪ್ಯೂಟರ್ ದಾಖಲೆ, ತೆಗೆಸಿ, ನಮೂನೆ 9 ಮತ್ತು 11ರಲ್ಲಿ ಯಾರ ಹೆಸರಿದೆ ನೋಡಿ. ನೂರಕ್ಕೆ ತೊಂಬತ್ತು ಪಾಲು ತಾತನ ಹೆಸರೇ ಇರುತ್ತದೆ. ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸದೆ ದುರಸ್ತಿಯ ಅನುಮತಿಯೂ ಸಿಗದು, ಸಾಲವೂ ಹುಟ್ಟದು. ನಿಮ್ಮ ಹನ್ನೊಂದರ ಲೆಕ್ಕದಲ್ಲಿ ಅತ್ತೆಯರನ್ನು, ಅವರ ಮಕ್ಕಳನ್ನು ಸೇರಿಸಿದ್ದೀರೋ ಇಲ್ಲವೋ ಬರೆದಿಲ್ಲ. ‘ಅವರು ಅರಿಶಿನ ಕುಂಕುಮ ತಗೊಂಡು ಹೋದವರು’ ಎನ್ನುವ ಕಾಲ ಮುಗಿದಿದೆ. ಅವರ ರುಜು ಇಲ್ಲದ ಯಾವ ಒಪ್ಪಂದವೂ ಮುಂದೆ ನಿಲ್ಲುವುದಿಲ್ಲ.

ಹಕ್ಕುದಾರರೆಲ್ಲ ಒಪ್ಪಿದರೆ ಮನೆಯನ್ನಷ್ಟೇ ಕುಟುಂಬದ ಟ್ರಸ್ಟಿಗೆ ಸೇರಿಸಿ, ಜಮೀನು ಹಂಚಿಕೊಳ್ಳಬಹುದು. ಮುಂಭಾಗವನ್ನು ಹೋಂಸ್ಟೇ ಮಾಡಿ ಅದರ ಆದಾಯದಿಂದ ಹೆಂಚು ಕೈಯಾಡಿಸುವ ಖರ್ಚು ಹೊರಡಿಸಿಕೊಳ್ಳುವವರಿದ್ದಾರೆ. ಯಾರೂ ಒಪ್ಪದೆ, ಮನೆ ಬೀಳುವುದೇ ಖಚಿತ ಎಂದಾದಾಗ ಇನ್ನೊಂದು ದಾರಿ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಮಾಡಿ ತೋರಿಸಿದ್ದು. ಕೆಡವಲಿದ್ದ ಮನೆಗಳನ್ನು ಬಿಚ್ಚಿ, ಪ್ರತಿ ತೊಲೆಗೂ ಗುರುತು ಹಾಕಿ, ತಂದು ಮತ್ತೆ ನಿಲ್ಲಿಸಿದರು. 1816ರ ಕುಂಜೂರು ಚೌಕಿಮನೆ ಇಂದು ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಉಳಿದಿರುವುದು ಹಾಗೆ. ಕುಂದಾಪುರದ ಕಡೆಯ ಬ್ರಾಹ್ಮಣ ಮನೆ, ಕುಕನೂರಿನ ಕಮಲಮಹಲ್ ಎಲ್ಲ ಅಕ್ಕಪಕ್ಕ ನಿಂತಿರುವುದನ್ನು ನೋಡಿದರೆ ಬೆರಗೂ ಆಗುತ್ತದೆ, ಒಂದಿಷ್ಟು ಸಂಕಟವೂ ಆಗುತ್ತದೆ. ಪಟೇಲರ ಮನೆಗಂತೂ ಅದು ಕಟ್ಟಕಡೆಯ ಉಪಾಯ. ಊರ ನಡುವಿನಿಂದ ಎತ್ತಿದರೆ ಅದು ಬರೀ ಒಳ್ಳೆಯ ಮರಗೆಲಸದ ಮನೆ.

ಕಂಬ ಕೊಳ್ಳಲು ಬಂದ ಗಿರಾಕಿಯ ವಿಷಯ. ನೂರು ವರ್ಷ ದಾಟಿದ ಕೆತ್ತನೆಯ ಮರ 1972ರ ಪ್ರಾಚ್ಯವಸ್ತು ಕಾಯ್ದೆಯ ಕೆಳಗೆ ಬರುತ್ತದೆ. ಅದನ್ನು ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ‘ನಿಮ್ಮ ಲೈಸೆನ್ಸ್ ತೋರಿಸಿ’ ಎಂದು ಒಮ್ಮೆ ಕೇಳಿ ನೋಡಿ, ಅರ್ಧ ಜನ ಮರಳಿ ಬರುವುದಿಲ್ಲ.

ಅವರು ಕೇಳದ ವಸ್ತು ಅಟ್ಟದ ಮೇಲಿರುತ್ತದೆ, ಕಾಗದ. 75 ವರ್ಷ ದಾಟಿದ ಚಾರಿತ್ರಿಕ ದಾಖಲೆಯೂ ಅದೇ ಕಾಯ್ದೆಯಲ್ಲಿ ಪ್ರಾಚ್ಯವಸ್ತುವೇ. ಕಂದಾಯದ ರಸೀತಿ ಪುಸ್ತಕ, ಅಮಲ್ದಾರರ ಹುಕುಂ, ಜಮಾಬಂದಿಯ ಚೀಟಿ, ಕೆರೆ ನೀರಿನ ಸರದಿಯ ಪಟ್ಟಿ. ಅದೃಷ್ಟವಿದ್ದರೆ ಕಡತವೂ ಸಿಕ್ಕೀತು. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಲಪುಡಿ ಬಳಿದು ಕಪ್ಪು ಹಲಗೆಯಂತೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದದ್ದು. ಸಾಮಾನ್ಯವಾಗಿ ಕಡತ ಇರುವುದು ಶಾನುಭೋಗರ ಮನೆಯಲ್ಲಿ, ಪಟೇಲರ ಮನೆಯಲ್ಲಲ್ಲ. ಸಿಕ್ಕರೆ ಹೇಗೆ ಬಂತು ಎಂಬುದೇ ಒಂದು ಕಥೆ. ಒದ್ದೆ ಬಟ್ಟೆ ಮಾತ್ರ ಮುಟ್ಟಿಸಬೇಡಿ, ಬಳಪದ ಬರಹ ಒಂದೇ ಒರೆಸಿಗೆ ಹೋಗುತ್ತದೆ. ಒಂದು ಮನೆಗೆ ನಾನು ಹೋಗುವ ಹಿಂದಿನ ದಿನ ‘ಸಾಹೇಬರು ಬರ್ತಾರೆ’ ಎಂದು ಒಬ್ಬ ಸೊಸೆ ಎಂಟು ಕಡತಗಳನ್ನು ಫಳಫಳ ಒರೆಸಿಟ್ಟಿದ್ದಳು. ಆ ಕಪ್ಪು ಬಟ್ಟೆಗಳ ಮುಂದೆ ಕೂತು ಕಾಫಿ ಕುಡಿದು ಬಂದೆ. ಕಾಗದಗಳ ಫೋಟೊ ತೆಗೆದಿಟ್ಟು, ಮೂಲವನ್ನು ಇಟ್ಟುಕೊಳ್ಳಲಾಗದಿದ್ದರೆ ರಾಜ್ಯ ಪತ್ರಾಗಾರ ಇಲಾಖೆಯನ್ನು ಕೇಳಿ.

ಇನ್ನು ಮನೆಯ ಮೈ. ತೊಟ್ಟಿ ಮನೆ ಸಾಯುವುದು ತೊಟ್ಟಿಯ ನಾಲ್ಕು ಮೂಲೆಗಳಿಂದ. ಎರಡು ಇಳಿಜಾರು ಕೂಡುವ ಕಡೆ ಇಡೀ ಮಾಡಿನ ನೀರು ಒಂದೇ ಸಾಲಿನಲ್ಲಿ ಹರಿಯುತ್ತದೆ. ಅಲ್ಲಿನ ತಗಡು ತೂತಾದರೆ ಕೆಳಗಿನ ಮೂಲೆತೊಲೆ ಒಳಗಿಂದ ಕೊಳೆಯುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು, ಏಣಿ ಹತ್ತಿ, ತೊಲೆಯ ತುದಿಗೆ ಒತ್ತಿ ನೋಡಿ. ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಮುಂದಿನ ಮಳೆಗಾಲಕ್ಕೆ ಕಾಯಬೇಡಿ. ಕೊಳೆತಷ್ಟು ಭಾಗ ಕತ್ತರಿಸಿ ಅದೇ ಜಾತಿಯ ಮರ ಬೆಸೆಯುವ ಬಡಗಿಗಳು ಇನ್ನೂ ಇದ್ದಾರೆ. ಇಡೀ ತೊಲೆ ಬದಲಿಸಬೇಕು ಎನ್ನುವವನಿಗೆ ಬೆಸುಗೆ ಬರುವುದಿಲ್ಲ ಎಂದರ್ಥ.

ಗೋಡೆಗೆ ಸಿಮೆಂಟು ಬೇಡ. ನಿಮ್ಮದು ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಾರೆ ಇರಬೇಕು. ಅಂಥ ಗೋಡೆ ನೆಲದಿಂದ ಎಳೆದ ತೇವವನ್ನು ಮೈಯಿಂದಲೇ ಆರಿಸಿಕೊಳ್ಳುತ್ತದೆ. ಸಿಮೆಂಟು ಬಳಿದರೆ ಆರಲು ದಾರಿಯಿಲ್ಲದೆ ನೀರು ಮೇಲೇರುತ್ತದೆ, ಮೊದಲು ಮಂಡಿಯೆತ್ತರ, ಆಮೇಲೆ ಸೊಂಟದೆತ್ತರ. ಹಿಂದೆಯೇ ಬಿಳಿ ಉಪ್ಪು ಹೂವು ಬಿಡುತ್ತದೆ. ಒಂದು ದಿನ ಸಿಮೆಂಟಿನ ಪದರ ಹಲಗೆಯಂತೆ ಕಳಚಿ ಬಿದ್ದಾಗ ನೋಡಿದರೆ ಒಳಗಿನ ಮಣ್ಣು ಹಿಟ್ಟಾಗಿರುತ್ತದೆ. ವಾರಗಟ್ಟಲೆ ನೀರಿನಲ್ಲಿ ಅರಳಿದ ಸುಣ್ಣ, ಮರಳು, ಅರೆಯುವಾಗ ಬೆಲ್ಲ ಮತ್ತು ಅಳಲೆಕಾಯಿಯ ನೀರು, ಇಷ್ಟೇ ಹಳೆಯ ಗಾರೆ. ದೇವಸ್ಥಾನದ ಕೆಲಸ ಮಾಡಿದ ಗಾರೆಯವರು ಹಾಸನದ ಕಡೆ ಸಿಗುತ್ತಾರೆ.

ಕೊನೆಗೆ ನೀವು ಕೇಳದೇ ಇರುವ ಒಂದು ಮಾತು. ಮಂಡ್ಯದ ಕಡೆ ಒಂದು ಪಟೇಲರ ಮನೆಯಲ್ಲಿ ಜಗಲಿಯ ಮೇಲೆ ಕೂರಲು ಉದ್ದನೆಯ ದಿಮ್ಮಿ ಹಾಕಿದ್ದರು. ನಡುವೆ ಎರಡು ದುಂಡನೆಯ ತೂತು. ‘ಇದೇನು ಗೌಡ್ರೇ’ ಎಂದರೆ ಮನೆಯ ಹಿರಿಯರು ನಕ್ಕು, ‘ಕೋಳ ಕಣಯ್ಯ, ಕಾಲು ಸಿಗಿಸ್ತಿದ್ರು’ ಎಂದರು. ಅದೇ ಊರಿನ ಕೇರಿಯಲ್ಲಿ ಸಂಜೆ ಮಾತಾಡುವಾಗ ಒಬ್ಬ ಮುದುಕರು, ‘ಆ ಜಗಲಿ ಮ್ಯಾಲೆ ನಾನು ಇವತ್ತಿಗೂ ಹತ್ತಿಲ್ಲ, ಅಂಗಳದಲ್ಲೇ ನಿಂತವನು’ ಎಂದರು. ದಿಮ್ಮಿಯ ವಿಷಯ ಅವರು ನಗುತ್ತಾ ಹೇಳಲಿಲ್ಲ. ನಿಮ್ಮ ಮನೆಯನ್ನು ಜನರಿಗೆ ತೋರಿಸುವ ದಿನ ಬಂದರೆ, ಗೋಡೆಗೆ ಹಾಕುವ ಬರಹದಲ್ಲಿ ಪಟೇಲರ ಹೆಸರಿನ ಜೊತೆ ಆ ಜಗಲಿಯನ್ನು ಯಾರು ಹತ್ತುತ್ತಿದ್ದರು, ಯಾರು ಕೆಳಗೆ ನಿಲ್ಲುತ್ತಿದ್ದರು ಎಂಬುದೂ ಇರಲಿ. ಅದಕ್ಕೆ ಕೇರಿಯ ಹಿರಿಯರನ್ನು ಈಗಲೇ ಮಾತಾಡಿಸಿ. ಅವರಿಗೂ ವಯಸ್ಸಾಗಿದೆ.

ವಯಸ್ಸು ಎಂದಾಗ ನೆನಪಾಯಿತು, ಮನೆಯದ್ದು ಇನ್ನೂ ಇತ್ಯರ್ಥವಾಗಿಲ್ಲ. ಹೆಂಚಿನ 1865 ನಂಬಬೇಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು, ಆಮೇಲೆ ದಶಕಗಟ್ಟಲೆ ಅಚ್ಚಿನಲ್ಲಿ ಅದೇ ಇಸವಿ ಹಾಕುತ್ತಿದ್ದರು. ಈ ಇಸವಿ ನೋಡಿ ತಮ್ಮ ಮನೆಗೆ ಹಬ್ಬ ಮಾಡಿದವರನ್ನು ಬಲ್ಲೆ. ಬಾಗಿಲವಾಡದ ಪ್ರಮೋದೂತವೇ ಗಟ್ಟಿ ಸಾಕ್ಷಿ, ಆದರೆ ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1870-71 ಕೂಡ ಪ್ರಮೋದೂತ, 1930-31 ಕೂಡ ಪ್ರಮೋದೂತ. ಮೊದಲನೆಯದಾದರೆ ನೂರು ವರ್ಷ ಎಂದೋ ದಾಟಿದೆ, ಎರಡನೆಯದಾದರೆ 2030ರವರೆಗೆ ಕಾಯಬೇಕು. ಮುತ್ತಾತ ಕಟ್ಟಿಸಿದ್ದೋ ತಾತ ಕಟ್ಟಿಸಿದ್ದೋ ಎಂದು ನೀವೂ ಖಚಿತವಾಗಿ ಬರೆದಿಲ್ಲ.

ಆ ಬಣ್ಣವನ್ನು ಉಜ್ಜುಕಾಗದದಿಂದ ತಿಕ್ಕಬೇಡಿ, ಬೆಂಕಿ ಹಿಡಿದು ಸುಡಬೇಡಿ. ಪೇಂಟಿನ ಅಂಗಡಿಯಲ್ಲಿ ಬಣ್ಣ ಬಿಡಿಸುವ ದ್ರಾವಣ ಸಿಗುತ್ತದೆ. ಹತ್ತಿಯಲ್ಲಿ ಅದ್ದಿ ಒಂದು ಇಂಚು ಜಾಗಕ್ಕೆ ಮಾತ್ರ ಹಚ್ಚಿ, ಮೆತ್ತಗಾದ ಮೇಲೆ ಬಿದಿರಿನ ಕಡ್ಡಿಯಿಂದ ಎಬ್ಬಿಸಿ. ‘ಸಂ’ ಆದ ಮೇಲೆ ಮಾಸ, ಪಕ್ಷ, ತಿಥಿ, ವಾರ ಇರುವುದು ವಾಡಿಕೆ. ತಿಥಿ ಮತ್ತು ವಾರ ಎರಡೂ ಓದಲು ಬಂದರೆ ಹಳೆಯ ಪಂಚಾಂಗಕ್ಕೆ ತಾಳೆ ಹಾಕಿ ಯಾವ ಪ್ರಮೋದೂತ ಎಂದು ಹೇಳಬಹುದು. ಬೆಳಿಗ್ಗೆ ಓರೆ ಬಿಸಿಲು ಬೀಳುವಾಗ ಪಕ್ಕದಿಂದ ಫೋಟೊ ತೆಗೆದು ಕಳಿಸಿ.